ತಾಮ್ರದ ಹಾಳೆಯ ಆರ್ವೋ

ಐದು ತಿಂಗಳ ಮೇಲೆ ಅಕ್ಕ ಲೆಂಪಿ ಫೋನ್ ಮಾಡಿ, "ಶನಿವಾರ ಬರ್ತೀನಿ, ಆ ಚಿತ್ರ ತೋರ್ಸು" ಎಂದಷ್ಟೇ ಹೇಳಿ ಇಟ್ಟಿದ್ದಳು. ಅಷ್ಟಕ್ಕೇ ಐಲಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕನಿಗೆ ಇಷ್ಟವೆಂದು ಏಲಕ್ಕಿ ಹಾಕಿ ಸಿಹಿ ಬ್ರೆಡ್ ಬೇಯಿಸಿದಳು, ಅದೂ ಅಡಿ ಹತ್ತಿತು. ಅರವತ್ತಾರರ ಹೆಂಗಸು, ಡುಲೂತ್ ಊರಿಗೇ ಹೆಸರು ತಂದ ಕಲಾವಿದೆ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬೆವರಿದಳು.

ಲೆಂಪಿಯ ಒಬ್ಬನೇ ಮಗ ಆರ್ವೋ ಅಕ್ಟೋಬರ್‌ನಲ್ಲಿ ಲಿವರ್ ಕೆಟ್ಟು ತೀರಿಕೊಂಡ. ಮೂವತ್ತನಾಲ್ಕು ವಯಸ್ಸು. ಕೊನೆಯ ಹನ್ನೊಂದು ದಿನ ಐಲಿ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತು, ತೊಡೆಯ ಮೇಲೆ ತಾಮ್ರದ ಹಾಳೆ ಇಟ್ಟುಕೊಂಡು, ಉಕ್ಕಿನ ಸೂಜಿಯಿಂದ ಅವನ ಮುಖವನ್ನು ಗೀರಿದಳು. ಮಣ್ಣು ಮಾಡಿ ಬಂದ ಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಹಿಡಿದು ನಿಂತಿದ್ದಾಗ ಲೆಂಪಿ ಎಲ್ಲರೆದುರೇ ಅಂದಳು: "ನನ್ನ ಮಗ ಸಾಯ್ತಾ ಇದ್ದ. ನೀನು ಕೆರೀತಾ ಕೂತಿದ್ದೆ." ಅಲ್ಲಿಂದ ಮಾತು ನಿಂತಿತು.

ಗೀರದೆ ನೋಡುವುದು ಹೇಗೆಂದೇ ಐಲಿಗೆ ಗೊತ್ತಿರಲಿಲ್ಲ, ಅಷ್ಟೇ. ಆ ಹಾಳೆಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿದ ಅಚ್ಚು ಚೆನ್ನಾಗಿ ಬಂದರೆ ಅಕ್ಕನಿಗೆ ಅದೇ ಉತ್ತರ ಎಂದುಕೊಂಡಿದ್ದಳು.

ಶನಿವಾರ ಲೆಂಪಿ ಬಂದಳು. ಸರೋವರದ ದಡದಲ್ಲಿ ಹಿಂದೆ ದೋಣಿ ಇಡುತ್ತಿದ್ದ ಹಳೆಯ ದೋಣಿಮನೆಯೇ ಐಲಿಯ ಕೆಲಸದ ಜಾಗ. ಬಾಗಿಲಲ್ಲಿ ಬೂಟಿನ ಹಿಮ ಕೊಡವಿ, ಸಾಲಾಗಿ ನಿಂತಿದ್ದ ಮೂಗಿಲ್ಲದ ಕಂಚಿನ ಹೆಂಗಸರ ಶಿಲ್ಪಗಳನ್ನು ನೋಡಿ, "ಇವ್ರಿಗೆಲ್ಲ ಮೂಗು ಯಾವಾಗ ಇಡ್ತೀಯೇ?" ಅಂದಳು. ಮೂವತ್ತು ವರ್ಷದ ಹಳೇ ತಮಾಷೆ. ಐಲಿಗೆ ಅಳು ಬಂದಂತಾಯಿತು.

"ಶೀತ ಆಗಿದೆ, ಉದುರಿಹೋಗ್ತಿವೆ," ಎಂದು ಹೇಗೋ ನಕ್ಕಳು.

ಮೇಜಿನ ಮೇಲೆ ಅಚ್ಚು ಇತ್ತು. ಬರುವ ಮೇ ತಿಂಗಳಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಅವಳ ನಲವತ್ತು ವರ್ಷದ ರೇಖಾಚಿತ್ರ, ಅಚ್ಚು, ಶಿಲ್ಪಗಳ ಪ್ರದರ್ಶನ. ಕೊನೆಯ ಗೋಡೆ ಇದಕ್ಕೆಂದೇ ಖಾಲಿ ಇತ್ತು. ಇಪ್ಪತ್ತು ಪ್ರತಿ ತೆಗೆಯುವುದೆಂದು ಮಾತಾಗಿತ್ತು, ತೆಗೆದದ್ದು ಒಂದೇ.

ಲೆಂಪಿ ಕನ್ನಡಕ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು.

"ಯಾರಿದು?"

"ಆರ್ವೋ ಕಣೇ."

"ಅಲ್ಲ. ಸೌನಾದ ಹಬೆಮನೇಲಿ ಹಲಗೆಯಿಂದ ಬಿದ್ದಾಗ ಅವ್ನಿಗೆ ಹುಬ್ಬು ಒಡೆದಿದ್ದು ಎಡಗಡೆ. ಟವೆಲ್ ಒತ್ತಿ ಹಿಡ್ಕೊಂಡು ಓಡಿದ್ದು ನಾನು. ಇಲ್ಲಿ ಗಾಯ ಬಲಗಡೆ ಇದೆ. ಬೈತಲೇನೂ ಉಲ್ಟಾ ಕಡೆ. ಬಾಯಿ ಸೊಟ್ಟ ಮಾಡೋದೂ ಉಲ್ಟಾ ಕಡೆ." ಅವಳು ಕನ್ನಡಕ ತೆಗೆದಳು. "ಹನ್ನೊಂದು ದಿನ ಕಣ್ಣು ಮಿಟುಕಿಸ್ದೆ ಕೂತಿದ್ಯಲ್ಲೇ ಐಲೀ, ಏನು ನೋಡ್ದೆ ಹಾಗಾದ್ರೆ?"

ಐಲಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಚ್ಚೊತ್ತಿದರೆ ಹಾಳೆಯ ಎಡ ಕಾಗದದಲ್ಲಿ ಬಲವಾಗುತ್ತದೆ. ಪಾಠ ಹೇಳುವಾಗ ಮೊದಲ ದಿನವೇ ಅವಳು ಹೇಳಿಕೊಡುತ್ತಿದ್ದ ಮಾತು. ಮುಖವಾದರೆ ಮೊದಲು ಕಾಗದದಲ್ಲಿ ಬರೆದು, ಅದನ್ನು ಕಿಟಕಿಯ ಗಾಜಿಗೆ ಮಗುಚಿ ಹಿಡಿದು ತಿರುವುಮುರುವಾಗಿಯೇ ಹಾಳೆಯ ಮೇಲೆ ಗೀರುತ್ತಿದ್ದಳು. ಆಸ್ಪತ್ರೆಯಲ್ಲಿ ಅದಕ್ಕೆಲ್ಲ ಪುರಸೊತ್ತು ಎಲ್ಲಿತ್ತು? ಕಂಡದ್ದನ್ನು ಕಂಡ ಹಾಗೆ ಗೀರಿದ್ದಳು. ಅಚ್ಚು ತೆಗೆದ ಮೇಲೆ ಮೂರು ವಾರ ಈ ಕಾಗದ ಕಣ್ಣೆದುರೇ ಇದ್ದರೂ ಈ ಜಾಣೆಗೆ ಹೊಳೆದಿರಲಿಲ್ಲ. ಹಡೆದವಳಿಗೆ ಹೊಳೆಯಿತು.

ಲೆಂಪಿ ಕೋಟಿನ ಗುಂಡಿ ಹಾಕತೊಡಗಿದ್ದಳು.

"ತಡಿ, ಹೋಗ್ಬೇಡ, ಒಂದು ನಿಮಿಷ ತಡಿ ಲೆಂಪಿ!" ಐಲಿ ಕಂಬಳಿ ತುಂಡಿನಲ್ಲಿ ಸುತ್ತಿಟ್ಟಿದ್ದ ತಾಮ್ರದ ಹಾಳೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಗೀರುಗಳಲ್ಲಿ ಉಳಿದ ಮಸಿಯಿಂದ ಮುಖ ಎದ್ದು ಕಾಣುತ್ತಿತ್ತು. ಗಾಯ ಎಡ ಹುಬ್ಬಿನಲ್ಲಿತ್ತು.

ಲೆಂಪಿ ಹಾಗೇ ಸ್ಟೂಲಿನ ಮೇಲೆ ಕೂತಳು. "ಇವ್ನು," ಅಂದಳು. "ಅಯ್ಯೋ, ಇವ್ನೇ." ಹಾಳೆಯನ್ನು ತೊಡೆಗೆ ಎಳೆದುಕೊಂಡು ಗೋಳೋ ಎಂದು ಅತ್ತಳು. ಐಲಿ ಪಕ್ಕದಲ್ಲಿ ನಿಂತು, ಮಸಿ ಹತ್ತಿದ ಕೈಯನ್ನು ಅವಳ ಬೆನ್ನ ಮೇಲೆ ಇಡಲೋ ಬೇಡವೋ ಎಂದು ತೋಚದೆ ಕೊನೆಗೆ ಇಟ್ಟೇಬಿಟ್ಟಳು.

"ಇದು ನಂಗೆ ಬೇಕು."

"ಅದು ಅಚ್ಚಿನ ಹಾಳೆ ಕಣೇ. ಅದಿಲ್ದೆ ಇನ್ನೊಂದು ಚಿತ್ರ ಬರಲ್ಲ."

"ಕಾಗದದಲ್ಲಿರೋನು ನಿನ್ನೋನು, ಇಟ್ಕೋ. ಇವ್ನು ನನ್ನೋನು."

ಎರಡು ವಾರ ನನ್ನ ಹತ್ತಿರ ಬಿಡು, ಇಪ್ಪತ್ತು ಪ್ರತಿ ತೆಗೆದು ಹಾಳೆ ಕೊಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅಕ್ಕ ಆ ಹಾಳೆಯನ್ನು ಹಿಡಿದ ರೀತಿ ನೋಡಿ ಐಲಿ ಅದನ್ನು ನುಂಗಿಕೊಂಡಳು. ಗೋಡೆ ಖಾಲಿ ಇದ್ದರೆ ಇರಲಿ.

"ತಗೊಂಡು ಹೋಗು," ಅಂದಳು.

ಲೆಂಪಿ ಹೆಬ್ಬೆರಳಿನಿಂದ ಮಗನ ಹುಬ್ಬು ಸವರಿದಳು, ಆಮೇಲೆ ಕೆನ್ನೆ, ಗದ್ದ. ಐಲಿಯ ಕೈ ತಡೆಯಲು ತಾನಾಗಿಯೇ ಮೇಲೆದ್ದಿತು. ಸೂಜಿ ಎಳೆದ ಕಡೆ ತಾಮ್ರ ಕೂದಲೆಳೆಯಷ್ಟು ಮೇಲೆದ್ದು ನಿಂತಿರುತ್ತದೆ. ಮಸಿ ಹಿಡಿಯುವುದೂ ಮುಖಕ್ಕೆ ಮೆತ್ತಗಿನ ನೆರಳು ಕೊಡುವುದೂ ಆ ಅಂಚೇ. ದಿನಾ ಬೆರಳು ಆಡಿದರೆ ಅದು ಮಲಗಿಬಿಡುತ್ತದೆ. ಬೆವರಿಗೆ ತಾಮ್ರ ಕಪ್ಪಾಗುತ್ತದೆ. ಬೇರೆ ಯಾರಾದರೂ ಹೀಗೆ ಮುಟ್ಟಿದ್ದರೆ ಐಲಿ ದೋಣಿಮನೆಯ ಸೂರು ಹಾರುವ ಹಾಗೆ ಕೂಗುತ್ತಿದ್ದಳು. ಈ ಕೈಗೆ ಸಿಕ್ಕರೆ ಒಂದೆರಡು ವರ್ಷದಲ್ಲಿ ಆರ್ವೋ ನುಣುಪಾಗಿ ಅಳಿಸಿಹೋಗುತ್ತಾನೆ.

"ಗರಗರ ಅಂತಿದೆ ಕಣೇ," ಲೆಂಪಿ ಅಳುವಿನ ನಡುವೆಯೇ ನಕ್ಕಳು. "ಆಸ್ಪತ್ರೇಲಿ ಗಡ್ಡ ಬೋಳಿಸಿರ್ಲಿಲ್ವಲ್ಲ, ಥೇಟ್ ಹಾಗೇ." ಆಮೇಲೆ ತಂಗಿಯ ಮುಖ ಕಂಡು ಕೈ ಹಿಂದಕ್ಕೆ ಎಳೆದುಕೊಂಡಳು. "ಮುಟ್ಟಬಾರ್ದಾ ಇದನ್ನ?"

ಐಲಿ ಅಕ್ಕನ ಕೈ ಹಿಡಿದು ಮತ್ತೆ ಆ ಕೆನ್ನೆಯ ಮೇಲೇ ಇಟ್ಟಳು.

"ಮುಟ್ಟು," ಅಂದಳು. "ಏನೂ ಆಗಲ್ಲ."