ಎದುರಿಗೇ ಬರಬೇಕು

"ಈ ನಾಲ್ಕು ರಸ್ತೆಗಳಲ್ಲಿ ನೀವು ಯಾವುದರಲ್ಲಿ ವಾಸವಾಗಿದ್ದಿರಿ?" ಎಂದು ಕಂಪ್ಯೂಟರ್ ಪರದೆ ಕೇಳಿತು. ಇನ್ನೂರು ಮೈಲಿ ಆಚೆ, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಓಡೆಲ್ ಸ್ಟ್ರೌಬ್ 'ಯಾವುದೂ ಅಲ್ಲ' ಒತ್ತಿದ. ಇತ್ತ ಊರಿನಿಂದ ವಿಡಿಯೋ ಕರೆಯಲ್ಲಿ ನೋಡುತ್ತಿದ್ದ ನೋಟರಿ ವರ್ನಾ ಹಣೆ ಚಚ್ಚಿಕೊಂಡಳು.

ಅವನ ಮನೆ ಮುಂದಿನ ದಾರಿಗೇ ಸರ್ಕಾರ 'ಕೌಂಟಿ ರಸ್ತೆ 418' ಎಂದು ಹೆಸರಿಟ್ಟಿತ್ತು. ಆದರೆ ಊರಲ್ಲಿ ಯಾವ ನರಪಿಳ್ಳೆ ಅದನ್ನು ಹಾಗೆ ಕರೆದಿದೆ? ಎಲ್ಲರಿಗೂ ಅದು ಹಳೇ ಶಾಲೆ ದಾರಿ. ವರ್ನಾಗೆ ಉತ್ತರ ಗೊತ್ತು, ಹೇಳುವಂತಿಲ್ಲ. ಗುರುತಿನ ಪರೀಕ್ಷೆಯಲ್ಲಿ ಓಡೆಲ್ ಎರಡನೇ ಸಲವೂ ನಪಾಸಾದ. ಇನ್ನು ಇಪ್ಪತ್ನಾಲ್ಕು ಗಂಟೆ ಕಾಯಬೇಕು. ಅವನ ಹೃದಯದ ಆಪರೇಷನ್ ನಾಳೆ ಬೆಳಿಗ್ಗೆ. ಹಿಮ ಬಿದ್ದು ಘಾಟಿ ಬೇರೆ ಮುಚ್ಚಿತ್ತು, ವರ್ನಾ ಅಲ್ಲಿಗೆ ಹೋಗುವಂತೆಯೂ ಇರಲಿಲ್ಲ.

ಮನೆ, ಹುಲ್ಲುಗಾವಲು ಎಲ್ಲವನ್ನೂ ಅವನು ಕೊಲೀನ್ ಹೆಸರಿಗೆ ಬರೆಯಬೇಕಿತ್ತು. ತೀರಿಹೋದ ಹೆಂಡತಿ ಐನೆಜ್‌ಳ ಮೊದಲ ಮದುವೆಯ ಮಗಳು ಅವಳು. ಹನ್ನೊಂದು ವರ್ಷದಿಂದ ದನಗಳ ಜೊತೆ ಈ ಮುದುಕನನ್ನೂ ನೋಡಿಕೊಂಡವಳು. ಸಹಿಯಾಗದೆ ಏನಾದರೂ ಹೆಚ್ಚುಕಡಿಮೆಯಾದರೆ, ಈ ಕಡೆ ತಲೆಯೂ ಹಾಕದ ಓಡೆಲ್‌ನ ತಮ್ಮನಿಗೆ ಎಲ್ಲ ಹೋಗುತ್ತಿತ್ತು.

ದೂರದಲ್ಲಿದ್ದವರ ಸಹಿಯನ್ನು ವಿಡಿಯೋದಲ್ಲೇ ನೋಟರಿ ಮಾಡಬಹುದೆಂಬ ಕಾನೂನನ್ನು ರಾಜ್ಯ ತಂದಾಗ, ಪರದೆಯಲ್ಲಿ ಮುಖ ನೋಡಿ ಮುದ್ರೆ ಒತ್ತುವುದೇ ಎಂದು ವರ್ನಾ ಮೂಗು ಮುರಿದಿದ್ದಳು. ಆಮೇಲೆ ಹಟಕ್ಕೆ ಬಿದ್ದು, ಅರವತ್ತೇಳರ ವಯಸ್ಸಿನಲ್ಲಿ ಓದಿ ಪರವಾನಗಿ ತೆಗೆದುಕೊಂಡಳು. ಭಲೇ ಹೆಂಗಸು! ನೋಟರಿಗೆ ಖುದ್ದು ಪರಿಚಯವಿದ್ದವರಿಗೆ ಈ ಪರೀಕ್ಷೆ ಬೇಕಿಲ್ಲ ಎಂಬುದೂ ಅವಳಿಗೆ ಬಾಯಿಪಾಠ. ಆದರೆ ನಲವತ್ತು ವರ್ಷ ಅವಳು ಕಂಡದ್ದು ಗಡ್ಡ, ಟೋಪಿಯ ಓಡೆಲ್‌ನನ್ನು. ಪರದೆಯಲ್ಲಿದ್ದವನು ಗಡ್ಡ ಬೋಳಿಸಿದ, ಸೊರಗಿದ ಯಾರೋ. ಅಂದಾಜಿನ ಮೇಲೆ ಪ್ರಮಾಣ ಮಾಡುವವಳಲ್ಲ ವರ್ನಾ.

"ನನ್ನ ಹತ್ರ ಮೊದಲನೇ ಸಲ ಬಂದಿದ್ದು ನೆನಪಿದ್ಯಾ?" ಎಂದು ಕೇಳಿದಳು.

"ಮರೆಯೋಕಾಗುತ್ತಾ ಮಾರಾಯ್ತಿ? ಐನೆಜ್‌ಗೆ ಜ್ವರ ಅಂತ ಮನೇಲೇ ಸಹಿ ಹಾಕಿಸ್ಕೊಂಡು ಬಂದಿದ್ದೆ. ಅವಳು ಎದುರಿಗೇ ಬರ್ಬೇಕು ಅಂತ ನೀನು ನನ್ನ ನಲವತ್ತು ಮೈಲಿ ವಾಪಸ್ ಅಟ್ಟಿದೆ. ಆ ಹಿಮದಲ್ಲಿ ಕಂಬಳಿ ಸುತ್ತಿ ಕರ್ಕೊಂಡು ಬಂದೆ."

"ಬಂದ ಮೇಲೆ ನಾನು ಏನ್ ಕೊಟ್ಟೆ?"

"ಅವಳಿಗೆ ಬಿಸಿ ಸೂಪು. ನಂಗೆ ಅದೂ ಇಲ್ಲ."

ಇವನು ಓಡೆಲ್ಲೇ. ಇಷ್ಟು ಸಿಟ್ಟು ಇನ್ಯಾರ ಹೊಟ್ಟೆಯಲ್ಲಿ ಉಳಿದೀತು?

ನರ್ಸನ್ನು ಹೊರಗೆ ಕಳಿಸಿ, ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ವಿಚಾರಿಸಿದಳು. ಆಮೇಲೆ ಪ್ರಮಾಣಕ್ಕೆ ಬಲಗೈ ಎತ್ತಲು ಹೇಳಿದಳು. ಸೂಜಿ ಚುಚ್ಚಿದ ಕೈ ಅರ್ಧಕ್ಕೇ ನಿಂತಿತು. ವರ್ನಾ ತನ್ನ ಕೈ ಎತ್ತಿ, ಅವನದು ಮೇಲೆ ಬರುವ ತನಕ ಇಳಿಸದೆ ಕೂತಳು. ಸಹಿ ಬಿತ್ತು, ಅದರ ಪಕ್ಕ ಅವಳ ಮುದ್ರೆಯೂ ಬಿತ್ತು.

"ಊರಿಗೆ ಬಾ. ಆ ಸೂಪು ಕೊಡ್ತೀನಿ," ಎಂದಳು.

"ಎದುರಿಗೇ ಬರ್ಬೇಕಾ?"

"ಎದುರಿಗೇ."

ಓಡೆಲ್ ಯಾರೂ ಹೇಳದೆಯೇ ಬಲಗೈ ಎತ್ತಿದ.