ನಾಮಪತ್ರ ವಾಪಸು ಪಡೆಯುವ ಮಧ್ಯಾಹ್ನ

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆಕೆ ಪುರಸಭೆಯ ಮೆಟ್ಟಿಲು ಹತ್ತುತ್ತಿದ್ದಾಗ ಮಗ ಹೆಗಲ ಮೇಲೆ ನಿದ್ದೆಹೋದ. ಹಲ್ಲು ಬರುವ ಕಾಟದಲ್ಲಿ ವಾರದಿಂದ ಅವನೂ ಮಲಗಿರಲಿಲ್ಲ, ಮನೆಯಲ್ಲಿ ಯಾರನ್ನೂ ಮಲಗಗೊಟ್ಟಿರಲಿಲ್ಲ. ಕುತ್ತಿಗೆಗೆ ತಾಗುತ್ತಿದ್ದ ಉಸಿರು ಬಿಸಿಯಾಗಿ ಭಾರವಾದೊಡನೆ ಅವಳ ಹೆಜ್ಜೆ ತಾನಾಗಿಯೇ ಮೆತ್ತಗಾಯಿತು.

ವಾರ್ಡಿನ ಚುನಾವಣೆಗೆ ಹಾಕಿದ್ದ ನಾಮಪತ್ರ ವಾಪಸು ಪಡೆಯಲು ಅಂದು ಮೂರು ಗಂಟೆಯೇ ಗಡುವು. ಅದಕ್ಕೆಂದೇ ಅವಳು ಬಂದಿದ್ದಳು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಸೊಂಟ ಹಿಡಿದುಕೊಂಡು ಮಲಗಿಬಿಟ್ಟಿದ್ದರು. "ನೀನು ಊರ ಚರಂಡಿ ಮುಚ್ಚಿಸೋಕೆ ಹೋಗು ತಾಯಿ, ಇವೆರಡರ ಬಾಯಿ ಮುಚ್ಚಿಸೋರು ಯಾರು?" ಎಂದಿದ್ದರು. ಬಸ್ ಓಡಿಸುವ ಗಂಡ "ನಿನ್ನಿಷ್ಟ" ಎಂದು ಷೂ ಹಾಕಿಕೊಂಡು ಹೊರಟಿದ್ದ. ಆ ನಿನ್ನಿಷ್ಟದಲ್ಲಿ ಅವಳ ಇಷ್ಟ ಎಷ್ಟಿದೆ ಎಂಬುದು ಅವಳಿಗೆ ಗೊತ್ತಿತ್ತು.

ಚರಂಡಿ ಇದ್ದದ್ದು ಅವಳ ಅಂಗಡಿಯ ಎದುರಿಗೆ, ಶಾಲೆಯ ಗೇಟಿನ ಪಕ್ಕ, ಬಾಯಿ ತೆರೆದುಕೊಂಡು. ಬೆಳಗ್ಗೆ ಮಕ್ಕಳು ಒಬ್ಬೊಬ್ಬರಾಗಿ ಅದನ್ನು ಹಾರುವಾಗಲೆಲ್ಲ ಮಿಷನ್ನಿನ ಪೆಡಲ್ ಮೇಲೆ ಅವಳ ಕಾಲು ನಿಂತುಬಿಡುತ್ತಿತ್ತು. ಅವಳು ಚುನಾವಣೆಗೆ ಇಳಿದದ್ದು ಇಷ್ಟಕ್ಕೇ.

"ಅಮ್ಮ, ನಾವು ಸೋತ್ವಾ?" ಚೀಲದ ಪಟ್ಟಿ ಹಿಡಿದು ಬರುತ್ತಿದ್ದ ಮಗಳು ಕೇಳಿದಳು.

"ಸೋಲೋಕೂ ಪುರುಸೊತ್ತು ಬೇಕು ಕಣೆ."

ಕಿಟಕಿಯ ಹಿಂದಿದ್ದ ಗುಮಾಸ್ತ ಕಾಗದ ಸರಿಸಿದ. "ಇಲ್ಲಿ ಸಹಿ ಹಾಕಿ ಅಮ್ಮ. ಸಾಹೇಬ್ರು ಸೀಲು ಒತ್ತುತಾರೆ."

ಅಷ್ಟರಲ್ಲಿ ಒಳಗಿನ ಮೇಜಿನ ಮೇಲೆ ಬೇರೆ ಯಾರದೋ ಕಾಗದಕ್ಕೆ ಸೀಲು ಧಡ್ಡನೆ ಬಿತ್ತು. ಮಗು ಬೆಚ್ಚಿ, ಮುಖ ಕಿವುಚಿ, ಮತ್ತೆ ನಿದ್ದೆಗೆ ಜಾರಿತು. ಅವಳು ಪೆನ್ನು ಕೆಳಗಿಟ್ಟಳು.

"ಸ್ವಲ್ಪ ಕೂತಿರ್ತೀನಿ ಅಣ್ಣ. ಈಗ ತಾನೇ ಮಲಗಿದಾನೆ."

"ನಮ್ಮನೇಲಿ ಅವಳಿ," ಎಂದು ಗುಮಾಸ್ತ ದನಿ ತಗ್ಗಿಸಿದ. "ಕೂತ್ಕೊಳ್ಳಿ. ಮೂರಕ್ಕೆ ಕಿಟಕಿ ಮುಚ್ತೀವಿ, ನೆನಪಿರಲಿ."

ಬೆಂಚು ತಣ್ಣಗಿತ್ತು. ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಕಾಗದಗಳು ಮಗುವಿನ ಬೆನ್ನಿನಂತೆಯೇ ಏರಿ ಇಳಿಯುತ್ತಿದ್ದವು. ಬಿಸಿಲು ನೆಲದ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಚೂರುಚೂರೇ ಸರಿಯುತ್ತಿತ್ತು. ಮಗಳು ಅವಳ ತೊಡೆಗೆ ತಲೆಯಾನಿಸಿದಳು. ತಾಯಿಯ ಕಣ್ಣೆವೆಯೂ ಕೂಡಿತು. ಕನಸಿನಲ್ಲಿ ಅವಳು ಶಾಲೆಯ ಮುಂದೆ ಕೂತು ಚರಂಡಿಯ ಎರಡು ದಡಕ್ಕೆ ಬಿಳಿ ಬಟ್ಟೆಯನ್ನು ಜೋಡಿಸಿ ಹೊಲಿಯುತ್ತಿದ್ದಳು. ಬೀದಿಯುದ್ದಕ್ಕೂ ದಾರ ಮುಗಿಯದೆ ಬರುತ್ತಿತ್ತು. ಮಕ್ಕಳು ಬಟ್ಟೆಯ ಮೇಲೆ ಕಾಲಿಟ್ಟು ನಡೆದರು. ಹೊಲಿಗೆ ಬಿಡಲಿಲ್ಲ.

"ಟೈಲರಮ್ಮ ಅಲ್ವಾ?" ಪಕ್ಕದಲ್ಲಿ ಯಾರೋ ಪಿಸುಗುಟ್ಟಿದರು. ತೆರಿಗೆ ಕಟ್ಟಲು ಬಂದಿದ್ದ ಹೆಂಗಸು. "ನಮ್ಮ ಬೀದಿ ತಿರುವಲ್ಲಿ ದೀಪ ಇಲ್ಲ. ಕತ್ತಲಾದ್ಮೇಲೆ ಮಗಳನ್ನ ಕರ್ಕೊಂಡು ಬರೋಕೆ ನಾನೇ ಹೋಗ್ಬೇಕು."

"ಕಂಬ ಇದೆಯಾ?" ಇವಳೂ ಪಿಸುಗುಟ್ಟಿದಳು.

"ಕಂಬ ಇದೆ, ಅದೊಂದು ಭಾಗ್ಯ."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಚೆ ಕೂತಿದ್ದ ಮುದುಕರೊಬ್ಬರು ಹತ್ತಿರ ಸರಿದು ತಮ್ಮ ನಲ್ಲಿಯ ಕಥೆ ತೆಗೆದರು, ಅವರೂ ಪಿಸುಮಾತಿನಲ್ಲೇ. ಉತ್ತರ ಕೊಡುತ್ತಿದ್ದ ತನ್ನ ದನಿ ಅವಳಿಗೇ ಜೋಗುಳದಂತೆ ಕೇಳಿಸಿತು. ಗೋಡೆ ಗಡಿಯಾರ ಅವಳ ಎದುರಿಗೇ ಇತ್ತು. ಮುಳ್ಳು ಮೇಲೇರುವುದನ್ನು ಅವಳು ನೋಡುತ್ತಲೇ ಇದ್ದಳು. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಿದ್ದರೆ ಬಲಗೈ ಬಿಡುವಾಗುತ್ತಿತ್ತು. ಅವಳು ಹಾಕಿಕೊಳ್ಳಲಿಲ್ಲ.

ಗುಮಾಸ್ತ ಕಿಟಕಿಯನ್ನು ಸದ್ದಾಗದಂತೆ ಎಳೆದುಕೊಳ್ಳುತ್ತ, "ಅಮ್ಮ, ಹೊತ್ತಾಯ್ತು," ಎಂದ.

"ಗೊತ್ತು ಅಣ್ಣ."

ಅತ್ತೆಗೆ ಏನು ಹೇಳುವುದು? ಮಗು ಮಲಗಿತ್ತು ಎನ್ನಬಹುದು, ಸುಳ್ಳೇನಲ್ಲ. ಅವರು ಮೂಗು ಮುರಿಯುತ್ತಾರೆ. ಗಂಡನಿಗೆ ಮಾತ್ರ ನಿಜವನ್ನೇ ಹೇಳಬೇಕು, ರಜೆ ಹಾಕೆಂದೂ ಕೇಳಬೇಕು. ಮಗಳನ್ನು ಮೆಲ್ಲಗೆ ಎಬ್ಬಿಸಿ ಅವಳು ಎದ್ದು ನಿಂತಳು.

ದೀಪದ ಹೆಂಗಸು ಮೆಟ್ಟಿಲವರೆಗೆ ಜೊತೆಗೆ ಬಂದಳು. "ನಾಳೆ ನಮ್ಮ ಬೀದಿಗೆ ಬರ್ತೀರಾ, ಮಧ್ಯಾಹ್ನ?"

"ಬರ್ತೀನಿ. ಮಧ್ಯಾಹ್ನ ಬೇಡ ಅಕ್ಕ, ಮನೆಮನೇಲೂ ಮಕ್ಕಳು ಮಲಗಿರ್ತಾವೆ."