ಕಸ್ತೂರಮ್ಮನ ಎಡಗಾಲು

ಬ್ಯಾಂಡೇಜು ಎಂದರೆ ಒಮ್ಮೆ ಸುತ್ತಿ ಬಿಸಾಡುವ ವಸ್ತು ಎಂದು ತಿಳಿದವರು ಎಪ್ಪತ್ತರ ದಶಕದ ದವಾಖಾನೆಯನ್ನು ಕಂಡಿಲ್ಲ. ಆಗ ಒಂದೊಂದು ಬ್ಯಾಂಡೇಜಿಗೂ ಏಳೇಳು ಜನ್ಮ. ಬಿಚ್ಚಿದ್ದನ್ನು ಬಾರ್ ಸೋಪಿನಲ್ಲಿ ಒಗೆದು, ಕುದಿಸಿ, ಹಿತ್ತಲಿನ ತಂತಿಯ ಮೇಲೆ ಒಣಹಾಕಿ, ಸಂಜೆ ತೊಡೆಯ ಮೇಲಿಟ್ಟುಕೊಂಡು ಸುರುಳಿ ಸುತ್ತಬೇಕು. ಬಸವಾಪಟ್ಟಣದಲ್ಲಿ ಹನುಮಂತಮ್ಮ ಸಿಸ್ಟರ್ ಇದ್ದ ಎರಡು ವರ್ಷದ ಸಂಜೆಗಳೆಲ್ಲ ಹೀಗೆ ಸುರುಳಿ ಸುತ್ತುವುದರಲ್ಲೇ ಹೋದವು. ಆಮೇಲೆ ಅವಳು ಎಷ್ಟೋ ಊರು ನೋಡಿದಳು, ಎಷ್ಟೋ ಕೈಗಳಿಗೆ ಕಾಲುಗಳಿಗೆ ಪಟ್ಟಿ ಕಟ್ಟಿದಳು. ಆದರೂ ಬಸವಾಪಟ್ಟಣದ ಹೆಸರು ಹಾಕಿಕೊಂಡ ಬಸ್ಸೊಂದು ಎದುರಾದರೆ ಸಾಕು, ಅದು ಮರೆಯಾಗುವವರೆಗೆ ನೋಡುತ್ತ ನಿಂತುಬಿಡುತ್ತಿದ್ದಳು. ಅದಕ್ಕೆ ಕಾರಣ ಒಂದು ಕಾಲು.

ಕಾಲು ಕಸ್ತೂರಮ್ಮನದು. ಸಾಸ್ವೆಹಳ್ಳಿಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಮೂವತ್ತೆರಡರ ಹೆಂಗಸು. ಎರಡನೆಯ ಹೆರಿಗೆಯಾದ ಮೇಲೆ ಎಡಗಾಲಿನ ನರಗಳು ಉಬ್ಬಿ, ಪಾದದ ಗಂಟಿನ ಒಳಮಗ್ಗುಲಿಗೆ ಒಂದು ಹುಣ್ಣು ಬಿದ್ದಿತ್ತು. ಆರು ವರ್ಷವಾದರೂ ಮಾಯುವ ಲಕ್ಷಣವಿರಲಿಲ್ಲ. ಅರಿಸಿನವಾಯಿತು, ಬೇವಿನೆಣ್ಣೆಯಾಯಿತು. ಕೊನೆಗೆ ಆ ಸೀಮೆಯವರಿಗೆ ಮಾತ್ರ ಹೊಳೆಯುವಂಥ ಒಂದು ಮದ್ದನ್ನೂ ಹಚ್ಚಿ ನೋಡಿದ್ದರು: ಚೊಗರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಗಟ್ಟಿರಸ ಅದು. ಅದನ್ನು ಹಚ್ಚಿದರೆ ಅಡಿಕೆಗೆ ಬಣ್ಣ ಬರುತ್ತದೆ, ಮೈ ಗಟ್ಟಿಯಾಗುತ್ತದೆ. ಹುಣ್ಣೂ ಹಾಗೇ ಗಟ್ಟಿಯಾಗಿ ಒಣಗಲಿ ಎಂದು ಲೆಕ್ಕ ಹಾಕಿದ್ದರು. ಒಣಗಿತ್ತು ನಿಜ. ಹನುಮಂತಮ್ಮ ಮೊದಲ ದಿನ ನೋಡಿದಾಗ ಹುಣ್ಣಿನ ಮೇಲೆ ಕಪ್ಪು ಹಕ್ಕಳೆ ಬಿಗಿಯಾಗಿ ಕೂತಿತ್ತು. ಅಂಚನ್ನು ಮೆಲ್ಲಗೆ ಒತ್ತಿದಳು ನೋಡಿ, ಕೆಳಗಿನಿಂದ ಕೀವು ಚಿಮ್ಮಿ ಬಂತು.

"ಯಾರ್ರಿ ಇದನ್ನ ಹಚ್ಚಿದೋರು?" ಎಂದು ಗದರಿದಳು.

"ನಾನೇ ಸಿಸ್ಟ್ರೆ. ಮ್ಯಾಲೆ ಮುಚ್ಚಿಕೊಂತು, ವಾಸಿ ಆತು ಅನ್ಕೊಂಡೆ," ಎಂದಳು ಕಸ್ತೂರಮ್ಮ ತಪ್ಪಿತಸ್ಥಳಂತೆ.

ಅದೇ ವಾರ ಅವಳಿಗೆ ಚಳಿಜ್ವರ ಬಂದು, ಕೆಂಪು ಮೊಣಕಾಲಿನವರೆಗೆ ಏರಿತು. ಸೂಜಿ ಚುಚ್ಚಿ ಜ್ವರ ಇಳಿಸಿದ ಡಾಕ್ಟರು ಹನುಮಂತಮ್ಮನನ್ನು ಪಕ್ಕಕ್ಕೆ ಕರೆದು, ಇಂಥದ್ದು ಇನ್ನೊಂದು ಸಲ ಬಂದರೆ ಕಾಲು ಉಳಿಸುವುದು ಕಷ್ಟ, ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತದೆ ಎಂದರು. ಬಾಗಿಲ ಮರೆಯಲ್ಲಿದ್ದ ಕಸ್ತೂರಮ್ಮನಿಗೆ ಅದು ಕೇಳಿಸಿಬಿಟ್ಟಿತು.

ಅಂದಿನಿಂದ ಹನುಮಂತಮ್ಮ ವಾರಕ್ಕೆ ಮೂರು ದಿನ ಅವರ ಮನೆಗೆ ಹೋಗತೊಡಗಿದಳು. ಹೋಗುವುದು ಎಂದರೆ ಜಗಲಿಯವರೆಗೆ. ಆ ಮನೆಯವರು ಅವಳನ್ನು ಒಳಗೆ ಕರೆಯುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಕಾರಣ ಜಾತಿ, ಅದು ಎರಡೂ ಕಡೆಯವರಿಗೆ ಗೊತ್ತಿತ್ತು. ಜಗಲಿಗೆ ಒಂದು ಹಳೆಯ ಸೀರೆಯ ಮರೆ ಕಟ್ಟಿ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಹುಣ್ಣು ತೊಳೆದು, ಬಟ್ಟೆಯಿಟ್ಟು, ಬೆರಳಿನ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಒಂದೇ ಬಿಗಿಯಲ್ಲಿ ಪಟ್ಟಿ ಸುತ್ತುತ್ತಿದ್ದಳು.

"ನೋಡ್ರಿ ಕಸ್ತೂರಮ್ಮ, ನರದಾಗಿನ ರಕ್ತ ಮ್ಯಾಲೆ ಹತ್ತಾಕೆ ಆಗ್ದೆ ಕೆಳಗೇ ನಿಂತೈತೆ. ನಿಂತ ನೀರು ಕೆಡಲ್ವಾ, ಹಂಗೆ. ಪಟ್ಟಿ ಅರ್ಧ ಕೆಲಸ ಮಾಡ್ತೈತೆ. ಉಳಿದರ್ಧ ನಿಮ್ದು. ಹಗಲೊತ್ತು ಮೂರು ನಾಕು ಸಲ ಮಲಕ್ಕೊಂಡು ಕಾಲನ್ನ ದಿಂಬಿನ ಮ್ಯಾಲೆ ಎತ್ತಿ ಇಡ್ಬೇಕು, ಎದೆಗಿಂತ ಎತ್ತರಕ್ಕೆ."

"ಹೂಂ ಸಿಸ್ಟ್ರೆ," ಎನ್ನುತ್ತಿದ್ದಳು ಕಸ್ತೂರಮ್ಮ.

ಗೊಬ್ಬರದ ಚೀಲದ ಒಳಗಿನ ತೆಳು ಪ್ಲಾಸ್ಟಿಕ್ಕನ್ನು ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ವಾರಕ್ಕೊಮ್ಮೆ ಹುಣ್ಣಿನ ಮೇಲೆ ಹಿಡಿದು ಪೆನ್ನಿನಿಂದ ಅದರ ಅಂಚನ್ನು ಬರೆದುಕೊಳ್ಳುವುದು ಹನುಮಂತಮ್ಮನ ಪದ್ಧತಿ. ಮೊದಲ ತಿಂಗಳು ನಕ್ಷೆ ಚಿಕ್ಕದಾಯಿತು. ಎರಡನೆಯ ತಿಂಗಳು ಅಷ್ಟಕ್ಕೇ ನಿಂತಿತು. ಮೂರನೆಯ ತಿಂಗಳು ಮತ್ತೆ ಅಗಲವಾಯಿತು. ಸಂಜೆ ಹೊತ್ತಿಗೆ ಪಾದ ಊದಿ ಪಟ್ಟಿಯ ಗುರುತು ಮಾಂಸದಲ್ಲಿ ಮೂಡಿರುತ್ತಿತ್ತು.

ಹನುಮಂತಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಅಡಿಕೆ ಸುಲಿಯಾಕೆ ಹೋಗ್ತಿದೀರಾ? ದಿನಾ ನಿಂತ್ಕೊಂಡೇ ರೊಟ್ಟಿ ಬಡೀತೀರಾ? ನನ್ನ ಮುಂದೆ ಹೂಂ ಅನ್ನೋದು, ಹಿಂದಿನಿಂದ ನಿಮ್ಮಿಷ್ಟ!" ಎಂದು ಎಗರಾಡಿದಳು. ಕಸ್ತೂರಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು ಅಷ್ಟೆ.

ಗುಟ್ಟು ಬಯಲಾದದ್ದು ಒಂದು ಮಧ್ಯಾಹ್ನ. ಹೊನ್ನಾಳಿಗೆ ಹೋಗಬೇಕಿದ್ದ ಬಸ್ಸು ತಪ್ಪಿಹೋಗಿ, ಹೇಗೂ ಇದ್ದೇನಲ್ಲ ಎಂದು ಹನುಮಂತಮ್ಮ ಹೇಳದೆ ಕೇಳದೆ ಅವರ ಮನೆಗೆ ನಡೆದಳು. ಬಾಗಿಲು ತೆರೆದಿತ್ತು. ಒಳಗೆ ಪಡಸಾಲೆಯಲ್ಲಿ ಕಸ್ತೂರಮ್ಮ ಕಂಬದ ಮರೆಗೆ ಕೂತಿದ್ದಳು, ಆ ಹುಣ್ಣಿನ ಕಾಲನ್ನು ಮಡಿಸಿ, ತೊಡೆಯ ಕೆಳಗೆ ಹಾಕಿಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು. ಎದುರಿನ ಬೆಂಚಿನ ಮೇಲೆ ಮಾವ ಮಲ್ಲಿಕಾರ್ಜುನಪ್ಪನವರು ಕಣ್ಣು ಮುಚ್ಚಿ ಕೂತಿದ್ದರು.

ಎಪ್ಪತ್ತು ದಾಟಿದ ಆ ಹಿರಿಯರು ಬೆಳಗಿನ ಪೂಜೆ ಮುಗಿಸಿ ಬೆಂಚಿನ ಮೇಲೆ ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಸೊಸೆ ಕಾಲು ಎಲ್ಲಿ ಚಾಚಬೇಕು? ಮೂಡಣಕ್ಕೆ ದೇವರ ಗೂಡು, ಅತ್ತ ಕಾಲು ಮಾಡುವಂತಿಲ್ಲ. ಪಡುವಣಕ್ಕೆ ಮಾವ. ಬಡಗಣಕ್ಕೆ ಬೀದಿ ಬಾಗಿಲು, ಹೋಗಿಬರುವವರು ಏನಂದಾರು! ತೆಂಕಣಕ್ಕೆ ಒಲೆ, ಅನ್ನ ಬೇಯಿಸುವ ಒಲೆಯ ಕಡೆಗೆ ಪಾದ ತೋರಿಸುವುದುಂಟೆ? ಮೂರು ಅಂಕಣದ ಆ ಮನೆಯಲ್ಲಿ ಒಂದು ಕಾಲು ಚಾಚಲು ದಿಕ್ಕೇ ಇರಲಿಲ್ಲ. ಹೀಗಾಗಿ ವಾರಕ್ಕೆ ಮೂರು ದಿನ ಹನುಮಂತಮ್ಮ ಅಕ್ಕರೆಯಿಂದ ಸುತ್ತಿಹೋದ ಪಟ್ಟಿಯ ಮೇಲೆ ಕಸ್ತೂರಮ್ಮ ದಿನವಿಡೀ ಕೂತಿರುತ್ತಿದ್ದಳು.

ಹನುಮಂತಮ್ಮನಿಗೆ ರೇಗಿಹೋಯಿತು. ಹೊಸ್ತಿಲು ದಾಟಿ ಸೀದಾ ಬೆಂಚಿನ ಮುಂದೆ ನಿಂತಳು. ದಾಟಿದೆನಲ್ಲ ಎಂದು ಅವಳಿಗೇ ತಿಳಿದದ್ದು ಆಮೇಲೆ.

"ಯಜಮಾನ್ರೆ, ನಿಮ್ಮ ಸೊಸೆ ಕಾಲು ಉಳೀಬೇಕೋ, ನಿಮ್ಮ ಮುಂದಿನ ಮರ್ಯಾದೆ ಉಳೀಬೇಕೋ, ಒಂದು ಹೇಳಿಬಿಡ್ರಿ."

ಮುದುಕರು ಕಣ್ಣು ತೆರೆದರು. "ನಾನು ಯಾವತ್ತಾದ್ರೂ ಕಾಲು ಚಾಚಬ್ಯಾಡ ಅಂದೀನೇನವ್ವ?"

"ಅಂದಿಲ್ಲ. ಚಾಚು ಅಂತಾನೂ ಅಂದಿಲ್ಲ."

ಮಲ್ಲಿಕಾರ್ಜುನಪ್ಪ ಸೊಸೆಯ ಕಡೆ ನೋಡಿದರು. ಅವಳು ಇನ್ನಷ್ಟು ಮುದುಡಿಕೊಂಡಳು. ಡಾಕ್ಟರ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲವಂತೆ, ಕಸ್ತೂರಮ್ಮ ಹೇಳಿರಲಿಲ್ಲ. ಮರುದಿನ ಅವರು ಬೆಂಚನ್ನೇ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತರು. ಬೆನ್ನಿಗೆ ಕಾಲು ಮಾಡುವುದು ಇನ್ನೂ ಪಾಪ ಎಂದು ಕಸ್ತೂರಮ್ಮ ಅದಕ್ಕೂ ಒಪ್ಪಲಿಲ್ಲ. ಅದರ ಮರುದಿನ ಅವರು ಮನೆಯನ್ನೇ ಬಿಟ್ಟು, ಬೀದಿಯ ಕೊನೆಯ ಬೆನಕಪ್ಪನ ಅಂಗಡಿಯ ಮುಂದೆ ಹೋಗಿ ಕೂತರು. "ಯಾಕ್ರಿ, ಸೊಸೆ ಹೊರಗೆ ಹಾಕಿದ್ಲೇನು?" ಎಂದು ಜನ ಕಿಚಾಯಿಸಿದರೆ, "ಹೌದಪ್ಪ, ಹಾಕಿದ್ಲು" ಎಂದು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಕಾಲು ದಿಂಬಿನ ಮೇಲೇರಿತು. ನಕ್ಷೆ ವಾರ ವಾರಕ್ಕೂ ಕಿರಿದಾಗುತ್ತ, ಅಂಚಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ ಹಬ್ಬಿಕೊಂಡು ಬಂತು. ಆ ದಿನಗಳಲ್ಲಿ ಹನುಮಂತಮ್ಮನಿಗಿದ್ದ ಖುಷಿ ಮುಂದೆ ಬಡ್ತಿ ಸಿಕ್ಕಾಗಲೂ ಇರಲಿಲ್ಲ.

ಅಷ್ಟರಲ್ಲಿ ವರ್ಗದ ಆದೇಶ ಬಂತು. ಜಗಳೂರಿನ ಕಡೆಯ ತನ್ನೂರಿನ ಹತ್ತಿರಕ್ಕೆ ಹಾಕಿ ಎಂದು ಅವಳೇ ಕೊಟ್ಟಿದ್ದ ಅರ್ಜಿ. ಸಂತೋಷಪಡಬೇಕಿದ್ದವಳು ಕಾಗದ ಹಿಡಿದು ಸುಮ್ಮನೆ ಕೂತಳು. ಹುಣ್ಣು ಇನ್ನೂ ಎಂಟಾಣೆಯಷ್ಟು ಉಳಿದಿತ್ತು. ಅದು ಮಾಯ್ದ ಮೇಲೂ ಪಟ್ಟಿ ಬಿಡುವಂತಿಲ್ಲ, ಬಿಟ್ಟರೆ ಮತ್ತೆ ಒಡೆಯುತ್ತದೆ. ಹದಿನೈದು ದಿನದೊಳಗೆ ಆ ಮನೆಯ ಯಾರಾದರೊಬ್ಬರು ಪಟ್ಟಿ ಸುತ್ತುವುದನ್ನು ಕಲಿಯಬೇಕಿತ್ತು.

ಕಸ್ತೂರಮ್ಮನಿಗೆ ತಾನೇ ಬಗ್ಗಿ ಸುತ್ತಿಕೊಂಡರೆ ಬಿಗಿ ನಿಲ್ಲುತ್ತಿರಲಿಲ್ಲ. ಗಂಡ ಓಂಕಾರಪ್ಪ ಲಾರಿ ಡ್ರೈವರು. ವಾರಕ್ಕೆರಡು ದಿನ ಮನೆಯಲ್ಲಿರುವವನು, ಹೆಂಡತಿಯ ಮೇಲೆ ಪ್ರೀತಿಯಿದ್ದವನು. ಆದರೆ ಅವನ ಕೈ ಲಾರಿಯ ಹಗ್ಗ ಬಿಗಿದು ಪಳಗಿದ ಕೈ. ಒಮ್ಮೆ ಸುತ್ತಿದ ಅರ್ಧ ಗಳಿಗೆಗೆ ಬೆರಳು ನೀಲಿಯಾದವು. ಇನ್ನೊಮ್ಮೆ ಹೆದರಿ ಸಡಿಲ ಮಾಡಿದ, ಪಟ್ಟಿ ಜಾರಿ ಪಾದಕ್ಕೆ ಬಿತ್ತು.

"ಹಿಂಗಲ್ಲ ಕಣೋ," ಎಂಬ ದನಿ ಬಂತು. ಊಟಕ್ಕೆ ಬಂದಿದ್ದ ಮಲ್ಲಿಕಾರ್ಜುನಪ್ಪ ಬಾಗಿಲಲ್ಲಿ ನಿಂತಿದ್ದರು. "ಬಟ್ಟೆ ಎಳೀಬಾರ್ದು. ಉರುಳಿಸ್ಬೇಕು. ಹಿಂದಿನ ಸುತ್ತನ್ನ ಅರ್ಧ ಮುಚ್ಕೋತಾ ಹೋಗ್ಬೇಕು."

ಹನುಮಂತಮ್ಮ ತಿರುಗಿ ನೋಡಿದಳು. ಮುದುಕರ ತಲೆಯ ಮೇಲಿನ ರುಮಾಲು ಅವಳಿಗೆ ಅವತ್ತೇ ಮೊದಲು ಕಣ್ಣಿಗೆ ಬಿದ್ದಂತಾಯಿತು. ಸುತ್ತಿನ ಮೇಲೆ ಸುತ್ತು, ಒಂದರಷ್ಟೇ ಇನ್ನೊಂದು, ಎಲ್ಲೂ ಸುಕ್ಕಿಲ್ಲ. ನ್ಯಾಮತಿಯವರೆಗಿನ ಮದುವೆಗಳಲ್ಲಿ ಗಂಡಿಗೆ ರುಮಾಲು ಸುತ್ತಲು ಅವರನ್ನೇ ಕರೆಯುತ್ತಿದ್ದರಂತೆ.

"ಯಜಮಾನ್ರೆ, ನೀವೇ ಸುತ್ರಿ."

ಕಸ್ತೂರಮ್ಮ ಗಾಬರಿಯಿಂದ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಅಯ್ಯಯ್ಯೋ, ಬ್ಯಾಡ್ರಿ ಸಿಸ್ಟ್ರೆ! ಮಾವಾರು ನನ್ನ ಕಾಲು ಮುಟ್ಟೋದಾ? ಕಾಲು ಹೋದ್ರೆ ಹೋಗ್ಲಿ!" ಎಂದು ಅಳಲಿಕ್ಕೇ ಶುರುಮಾಡಿದಳು.

ಮಲ್ಲಿಕಾರ್ಜುನಪ್ಪ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದರು. ಅವಳ ಕಾಲ ಬುಡದಲ್ಲಿ ಚಾಪೆಯ ಮೇಲೆ ಮೊಣಕಾಲೂರಿ ಕೂತರು. "ಕಂಡೋರ ಮಕ್ಕಳ ತಲೆ ಮುಟ್ಟೀನಿ. ನನ್ನ ಮಗಳ ಕಾಲು ಮುಟ್ಟಾಕೆ ಯಾರನ್ನ ಕೇಳ್ಬೇಕವ್ವ? ಚಾಚು."

ಕಸ್ತೂರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಾಲು ಚಾಚಿದಳು. ಓಂಕಾರಪ್ಪ ಹೊರಗೆ ಎದ್ದುಹೋದ. ಮುದುಕರು ಬೆರಳಿನ ಬುಡದಿಂದ ಸುತ್ತತೊಡಗಿದರು. ಹಿಮ್ಮಡಿಯ ಬಳಿ ಒಂದು ಮಡಿಕೆ ತಪ್ಪಿದಾಗ ಬಿಚ್ಚಿ ಮತ್ತೆ ಸುತ್ತಿದರು. ಮುಗಿದ ಮೇಲೆ ಹನುಮಂತಮ್ಮ ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿದಳು, ಹೆಬ್ಬೆರಳಿನ ಉಗುರು ಒತ್ತಿ ರಕ್ತ ತಿರುಗಿ ಬರುವುದನ್ನು ನೋಡಿದಳು. ಅವಳು ಸುತ್ತುತ್ತಿದ್ದುದಕ್ಕಿಂತ ಒಂದು ಕೈ ಮೇಲೇ ಆಗಿತ್ತು.

ಊರು ಬಿಡುವ ದಿನ ಆ ಮನೆಯ ಪಡಸಾಲೆಯಲ್ಲೇ ಕೂತು ಊಟ ಮಾಡಿ ಬಸ್ಸು ಹತ್ತಿದಳು.

ಎಂಟು ವರ್ಷ ಕಳೆದವು. ಜಗಳೂರು ಸೀಮೆಯ ಆ ಸಣ್ಣ ಆಸ್ಪತ್ರೆಯಲ್ಲಿ ಹನುಮಂತಮ್ಮನ ಕೂದಲು ಅಲ್ಲಲ್ಲಿ ಬೆಳ್ಳಗಾಯಿತು. ಕಾಲು ಏನಾಯಿತೋ ಎಂದು ಅವಳು ನೆನೆಯದ ವಾರವಿಲ್ಲ. ಎರಡು ಸಲ ಕಾರ್ಡು ಬರೆದಿದ್ದಳು, ಉತ್ತರ ಬಂದಿರಲಿಲ್ಲ. ಬರೆಯಲು ಬಾರದವರು, ಇರಲಿ ಎಂದುಕೊಂಡರೂ ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತಿತ್ತು.

ಎಂಬತ್ತಾರರ ಮಾಘದಲ್ಲಿ ಒಂದು ಬೆಳಿಗ್ಗೆ ಔಷಧಿಯ ಕೋಣೆಯ ಬಾಗಿಲಲ್ಲಿ ಕಸ್ತೂರಮ್ಮ ನಿಂತಿದ್ದಳು. ಹನುಮಂತಮ್ಮ ಮುಖ ನೋಡುವ ಮೊದಲು ಕಾಲು ನೋಡಿದಳು. ಎರಡೂ ಇದ್ದವು.

"ಆ ವರ್ಷ ದೀಪಾವಳಿ ಹೊತ್ತಿಗೆ ಮಾಯ್ತು ಸಿಸ್ಟ್ರೆ. ಮತ್ತೆ ಒಡೀಲಿಲ್ಲ. ಆರು ವರ್ಷ ದಿನಾ ಬೆಳಿಗ್ಗೆ ಮಾವಾರೇ ಸುತ್ತಿದ್ರು," ಎಂದಳು ಕಸ್ತೂರಮ್ಮ. ಹನುಮಂತಮ್ಮ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

"ಯಜಮಾನ್ರು?"

"ಹೋದ್ರು. ಹೋದ ತಿಂಗಳು. ಲಕ್ವ ಹೊಡೆದು ಹದಿನಾಕು ತಿಂಗಳು ಮಲಗಿದ್ರು, ಒಂದು ಕಡೆ ಕೈಕಾಲು ಆಡ್ತಿರಲಿಲ್ಲ. ನಾನು ಹೋದ ಮ್ಯಾಲೆ ಸಿಸ್ಟ್ರಿಗೆ ತಿಳಿಸಿ ಬಾ ಅಂದಿದ್ರು, ಅದಕ್ಕೇ ಬಂದೆ."

ಹದಿನಾಲ್ಕು ತಿಂಗಳು ಎಂದ ಕೂಡಲೇ ಹನುಮಂತಮ್ಮನ ಕಣ್ಣ ಮುಂದೆ ಬೇರೆಯೇ ಚಿತ್ರ ಬಂತು. "ಬೆನ್ನಿಗೆ ಹುಣ್ಣು ಬಹಳ ಆಗಿತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ."

"ಒಂದೂ ಇಲ್ವಾ?"

"ಇಲ್ರೀ. ಕೊನೇ ಸಲ ಮೈ ತೊಳೆಯುವಾಗ ಬಂದೋರೆಲ್ಲ ಬೆನ್ನು ನೋಡಿದ್ರು. ಎಳೇ ಕೂಸಿನ ಬೆನ್ನಿದ್ದಂಗೆ ಇತ್ತು." ಕಸ್ತೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ಕಾಲಿಗೆ ಹೇಳಿದ್ರಲ್ಲ, ರಕ್ತ ಒಂದೇ ಕಡೆ ನಿಲ್ಲಬಾರ್ದು ಅಂತ. ಮಲಗಿದೋರ ಬೆನ್ನಿಗೂ ಅದೇ ತಾನೆ ಅನ್ಕೊಂಡೆ. ಎರಡು ಎರಡು ಗಂಟೆಗೆ ಮಗ್ಗುಲು ಬದಲಾಯಿಸ್ದೆ. ಮೊದಮೊದಲು ಮಾವಾರು ನಾಚ್ಕೊಂಡು ಮೈ ಮುಟ್ಟಿಸ್ಕೊಳ್ತಿರಲಿಲ್ಲ. ನಾನು ಬಿಡ್ಲಿಲ್ಲ."

ಪಕ್ಕದ ವಾರ್ಡಿನಲ್ಲಿ ಜುಂಜಪ್ಪ ಎಂಬ ಮುದುಕ ಸೊಂಟ ಮುರಿದು ಮಲಗಿದ್ದ. ಬಂದು ಇಪ್ಪತ್ತು ದಿನ. ಆಗಲೇ ಅವನ ಬೆನ್ನಿನ ಕೆಳಗೆ ಹುಣ್ಣಾಗಿತ್ತು, ಆಗಿದ್ದು ಹನುಮಂತಮ್ಮನ ಸರದಿಯಲ್ಲೇ. ಹೊರಳಿಸಲು ಹೋದರೆ ಚೀರುತ್ತಾನೆ, ಅವನ ಪಾಡಿಗೆ ಬಿಡಿ ಎಂದು ಅವಳೇ ಆಯಾಗಳಿಗೆ ಹೇಳಿದ್ದಳು. ನಾಚಿಕೆಯಾಯಿತು. ಅದನ್ನು ಮುಚ್ಚಿಡಲಿಲ್ಲ; ಇದ್ದದ್ದನ್ನು ಇದ್ದ ಹಾಗೆ ಕಸ್ತೂರಮ್ಮನಿಗೆ ಹೇಳಿ, ಅವಳ ಕೈ ಹಿಡಿದು ವಾರ್ಡಿಗೆ ಕರೆದುಕೊಂಡು ಹೋದಳು.

ಕಸ್ತೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಚದ ಪಕ್ಕ ಬಗ್ಗಿ, ಮುದುಕನ ಹೆಗಲ ಮೇಲೆ ಅಂಗೈ ಇಟ್ಟಳು. "ಮೊದ್ಲು ಹೇಳ್ಬೇಕು ಸಿಸ್ಟ್ರೆ, ಹೊರಳಿಸ್ತೀನಿ ಅಂತ. ಹೇಳ್ದೆ ಮುಟ್ಟಿದ್ರೆ ಹೆದರಿ ಮೈ ಬಿಗಿ ಹಿಡೀತಾರೆ, ನೋವಾಗ್ತೈತೆ. ಅಜ್ಜಾರೆ, ಆ ಕಡೆ ಕಿಟಕಿ ನೋಡೋಣ್ವಾ? ಮೆಲ್ಲಗೆ ಹೋಗೋಣ. ನೀವು ಹೂಂ ಅಂದ ಮ್ಯಾಲೇನೆ."

ಜುಂಜಪ್ಪ ಅವಳ ಮುಖವನ್ನೇ ನೋಡಿದ. ಕಿಟಕಿಯತ್ತ ಕತ್ತು ತಿರುಗಿಸಿ "ಹೂಂ" ಎಂದ.

"ಸೊಂಟದ ಕೆಳಗೆ ನೀವು ಕೈ ಕೊಡ್ರಿ," ಎಂದಳು ಕಸ್ತೂರಮ್ಮ. ಹದಿನೈದು ವರ್ಷ ಸರ್ವೀಸಿನ ಹನುಮಂತಮ್ಮ ಸಿಸ್ಟರ್ ಸುಮ್ಮನೆ ಅವಳ ಪಕ್ಕಕ್ಕೆ ಬಂದು ನಿಂತು, ಹೇಳಿದಲ್ಲಿ ಕೈ ಕೊಟ್ಟಳು.